ಎರಡನೇ ಶನಿವಾರದ ಬೆಲ್

ನಮ್ಮೂರು ಹರದನಹಳ್ಳಿ ಕಡೆ ಮೆದೆಗೆ ಬೆಂಕಿ ಬಿದ್ದರೆ ಯಾರೂ ಬಟನ್ ಒತ್ತುವುದಿಲ್ಲ, ಕೂಗುತ್ತಾರೆ. ಮೊದಲು ನೋಡಿದವರು ಒಂದು ಸಲ ಕೂಗಿದರೆ ಸಾಕು, ಎರಡನೇ ಕೂಗು ಪಕ್ಕದ ಮನೆಯಿಂದ ಬರುತ್ತದೆ, ಮೂರನೆಯದು ಆಚೆ ಬೀದಿಯಿಂದ. ನಾವು ಐದನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಹೀಗೇ ರಾಗಿ ಹುಲ್ಲಿನ ಮೆದೆ ಹತ್ತಿಕೊಂಡಿತ್ತು. ಕಣ್ಣುಜ್ಜಿಕೊಂಡು ಹೊರಗೆ ಬರುವಷ್ಟರಲ್ಲಿ ಬಿಂದಿಗೆ, ಬಕೆಟ್ಟು, ಕೊಡ ಹಿಡಿದ ಜನ ಬಾವಿಯಿಂದ ಕಣದವರೆಗೆ ಸಾಲಾಗಿ ನಿಂತಾಗಿತ್ತು. ಮೆದೆ ಉಳಿಯಲಿಲ್ಲ ಅನ್ನಿ. ಹುಲ್ಲಿನ ಬೆಂಕಿ ಯಾರ ಮಾತು ಕೇಳುತ್ತದೆ? ಆದರೆ ಪಕ್ಕದ ಕೊಟ್ಟಿಗೆಯ ದನ ಅಷ್ಟೂ ಉಳಿದವು. ಹಗ್ಗ ಬಿಚ್ಚಲು ಪುರುಸೊತ್ತಿಲ್ಲದೆ ಯಾರೋ ಕುಡುಗೋಲಿನಲ್ಲಿ ಕತ್ತರಿಸಿ ಓಡಿಸಿದ್ದರು.

ಅದೇ ವರ್ಷ ಇಬ್ಬರು ಹುಡುಗರು ತಮಾಷೆಗೆ ಅಂತ ಸಂಜೆ ಹೊತ್ತು "ಬೆಂಕಿ ಬಿತ್ತು, ಓಡ್ಬನ್ರಪ್ಪೋ" ಅಂತ ಕೂಗಿದ್ದರು. ಊರೆಲ್ಲ ಓಡಿ ಬಂತು. ಆ ಹುಡುಗರಿಗೆ ಬಿದ್ದ ಏಟು ನಮಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಆ ಇಬ್ಬರು ನಾವೇ. ಹೊಡೆದು ಸುಸ್ತಾದ ಮೇಲೆ ನಮ್ಮಲ್ಲೊಬ್ಬನ ಅಜ್ಜ ಹೇಳಿದ್ದು ಇಷ್ಟೇ: "ಇನ್ನೊಂದ್ ಸಲ ನೀವ್ ಕೂಗುದ್ರೆ ಯಾರೂ ಬರಾಕಿಲ್ಲ ಕಣ್ರುಲಾ. ನಿಜ್ವಾಗ್ಲೂ ಬೆಂಕಿ ಬಿದ್ದಿದ್ರೂ ಬರಾಕಿಲ್ಲ."

ಆ ಮಾತು ಹದಿನಾಲ್ಕು ವರ್ಷ ಆದ ಮೇಲೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ, ರಾತ್ರಿ ಎರಡು ಮುಕ್ಕಾಲಿಗೆ ನೆನಪಾಗುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು?

ಪತ್ರಿಕೋದ್ಯಮ ಓದಿ ಮುಗಿಸಿ ನಾವಿಬ್ಬರೂ ಬೆಂಗಳೂರಿನ ಬಸ್ಸು ಹತ್ತಿದೆವು. ಹಗಲು ಒಂದು ಪತ್ರಿಕೆಯಲ್ಲಿ ಟ್ರೈನಿ. ಕೊಡುತ್ತಿದ್ದ ದುಡ್ಡು ರೂಮಿನ ಬಾಡಿಗೆಗೇ ಸಾಲುತ್ತಿರಲಿಲ್ಲ. ಹಾಗಾಗಿ ಒಂದು ಏಜೆನ್ಸಿ ಮೂಲಕ ರಾತ್ರಿ ಸೆಕ್ಯುರಿಟಿ ಕೆಲಸಕ್ಕೆ ಸೇರಿಕೊಂಡೆವು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಎಷ್ಟು ಹುಡುಗರು ಇವತ್ತು ಆ ನೀಲಿ ಅಂಗಿ ಹಾಕಿಕೊಂಡು ನಿಂತಿದ್ದಾರೆ ಅನ್ನುವುದು ಈ ಬರಹ ಓದುವ ನಿಮಗೆ ನಾವು ಹೇಳಬೇಕಾಗಿಲ್ಲ. ನಿಮ್ಮ ಮನೆಯಲ್ಲೇ ಒಬ್ಬ ಇರಬಹುದು.

ಹತ್ತು ಮಹಡಿಯ ಕಟ್ಟಡ. ರಾತ್ರಿ ನಮ್ಮಲ್ಲೊಬ್ಬ ಗೇಟಿನಲ್ಲಿ, ಇನ್ನೊಬ್ಬ ಕೆಳಗಿನ ಲಾಬಿಯಲ್ಲಿ. ಲಾಬಿಯ ಗೋಡೆಗೆ ಬೀರುವಿನ ಬಾಗಿಲಿನಷ್ಟು ದೊಡ್ಡ ಒಂದು ಪೆಟ್ಟಿಗೆ. ಅದರ ತುಂಬ ಸಣ್ಣ ಸಣ್ಣ ದೀಪಗಳು. ಅದೇ ಫೈರ್ ಅಲಾರಂ ಪ್ಯಾನೆಲ್. ಸೇರಿದ ದಿನ ಸೂಪರ್‌ವೈಸರ್ ಅದರ ಬಗ್ಗೆ ಕೊಟ್ಟ ತರಬೇತಿ ಪೂರ್ತಿ ಎರಡು ನಿಮಿಷದ್ದು. "ಹಸಿರು ಲೈಟು ಇದ್ರೆ ಸರಿ ಅಂತ. ಹಳದಿ ಬಂದ್ರೆ ಫಾಲ್ಟ್, ಬೆಳಿಗ್ಗೆ ಹೇಳಿ. ಕೆಂಪು ಬಂದು ಹೂಟರ್ ಹೊಡ್ಕೊಂಡ್ರೆ ಮೊದ್ಲು ಈ ಬಟನ್ ಒತ್ತಿ. ಇಲ್ಲಾಂದ್ರೆ ಇಡೀ ಬಿಲ್ಡಿಂಗ್ ಎದ್ದು ನನಗೆ ಫೋನ್ ಮಾಡ್ತದೆ." ಬಟನ್ ಮೇಲೆ ಇಂಗ್ಲಿಷಿನಲ್ಲಿ 'ಸೈಲೆನ್ಸ್' ಅಂತ ಬರೆದಿತ್ತು.

ಒತ್ತಿದ ಮೇಲೆ ಏನು ಮಾಡಬೇಕು ಅಂತ ನಾವು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಆ ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಆಮೇಲೆ ನಾವೇ ಅವರಿವರನ್ನು ಕೇಳಿ ತಿಳಿದುಕೊಂಡಿದ್ದು. ಚಾವಣಿಯಲ್ಲಿ ಬೋರಲು ಹಾಕಿದ ಬಟ್ಟಲಿನಂಥದ್ದು ಇರುತ್ತದಲ್ಲ, ಅದು ಹೊಗೆ ಹಿಡಿಯುವ ಯಂತ್ರ. ಅದರೊಳಗೆ ಒಂದು ಕತ್ತಲೆ ಗೂಡು. ಗೂಡಿನಲ್ಲಿ ಒಂದು ಪುಟ್ಟ ದೀಪ, ಒಂದು ಪುಟ್ಟ ಕಣ್ಣು. ದೀಪದ ಬೆಳಕು ನೇರವಾಗಿ ಕಣ್ಣಿಗೆ ಬೀಳದ ಹಾಗೆ ಕೂರಿಸಿರುತ್ತಾರೆ. ಹೊಗೆ ನುಗ್ಗಿದರೆ ಅದರ ಕಣಗಳಿಗೆ ತಗುಲಿ ಬೆಳಕು ಚದುರುತ್ತದೆ, ಕಣ್ಣಿಗೆ ಬೀಳುತ್ತದೆ. ಆಗ ಸುದ್ದಿ ವೈರಿನಲ್ಲಿ ಕೆಳಗಿನ ಪ್ಯಾನೆಲ್‌ಗೆ ಹೋಗುತ್ತದೆ, ಹೂಟರ್ ಹೊಡೆದುಕೊಳ್ಳುತ್ತದೆ. ಬೆಳಗಿನ ಹೊತ್ತು ಬಾಗಿಲ ಸಂದಿಯಿಂದ ಬರುವ ಬಿಸಿಲು ಸುಮ್ಮನೆ ಕಾಣುವುದಿಲ್ಲ, ಒಲೆಯ ಹೊಗೆ ಎದ್ದರೆ ಮಾತ್ರ ಕೋಲಿನ ಹಾಗೆ ಕಾಣುತ್ತದೆ. ಅಷ್ಟೇ ವಿದ್ಯೆ.

ಆದರೆ ಧೂಳೂ ಹೊಗೆಯ ಹಾಗೇ ಕಾಣುತ್ತದೆ. ಜಿರಳೆ ಮರಿ ಒಳಗೆ ಹೊಕ್ಕರೂ ಅಷ್ಟೇ. ಶುಕ್ರವಾರದ ಸಾಂಬ್ರಾಣಿ ಹೊಗೆಗೂ ಆ ಯಂತ್ರ ಕೂಗಿಕೊಳ್ಳುತ್ತದೆ. ಮೆಣಸಿನಕಾಯಿ ಒಗ್ಗರಣೆಯ ಕಾಟಕ್ಕೇ ಅಡುಗೆಮನೆಯಲ್ಲಿ ಹೊಗೆಯದ್ದರ ಬದಲು ಬಿಸಿ ನೋಡಿ ಕೂಗುವ ಯಂತ್ರ ಹಾಕುವುದು. ನಮ್ಮ ಕಟ್ಟಡದಲ್ಲಿ ವಾರಕ್ಕೆ ಎರಡು ಮೂರು ಸಲವಾದರೂ ಸುಳ್ಳು ಬೆಲ್ ಆಗುತ್ತಿತ್ತು. ಎರಡನೇ ಮಹಡಿಯಲ್ಲಿ ಟೈಲ್ಸ್ ಕುಯ್ಯುವ ಕೆಲಸ ನಡೆದಾಗಂತೂ ದಿನವಿಡೀ. ನಮ್ಮ ಕೈ ಆ ಬಟನ್‌ಗೆ ಎಷ್ಟು ಪಳಗಿತೆಂದರೆ, ಮೊಬೈಲ್ ನೋಡುತ್ತಲೇ ಎಡಗೈಯಲ್ಲಿ ಒತ್ತುತ್ತಿದ್ದೆವು.

ಇನ್ನು ಪರೀಕ್ಷೆಯ ವಿಷಯ. ಪ್ರತಿ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅಲಾರಂ ಟೆಸ್ಟ್. ಹಿಂದಿನ ದಿನವೇ ನಿವಾಸಿಗಳ ವಾಟ್ಸಾಪ್ ಗುಂಪಿಗೆ ಇಂಗ್ಲಿಷಿನಲ್ಲಿ ಒಂದು ಸಂದೇಶ ಹೋಗುತ್ತಿತ್ತು: ನಾಳೆ ಬೆಲ್ ಹೊಡೆಯುತ್ತದೆ, ಮಾಮೂಲಿ ಪರೀಕ್ಷೆ, ಯಾರೂ ಗಾಬರಿಯಾಗಬೇಡಿ. ಯಾರೂ ಗಾಬರಿಯಾಗುತ್ತಿರಲಿಲ್ಲ. ಟೆಕ್ನಿಷಿಯನ್ ಬಂದು ಲಾಬಿಯ ಗೋಡೆಯಲ್ಲಿದ್ದ ಕೆಂಪು ಡಬ್ಬಕ್ಕೆ ಕೀಲಿ ತಿರುವಿ ಬೆಲ್ ಹೊಡೆಸುತ್ತಿದ್ದ. ಪ್ರತಿ ತಿಂಗಳೂ ಅದೇ ಡಬ್ಬ, ಯಾಕೆಂದರೆ ಅದು ಕೈಗೆ ಹತ್ತಿರ. ಒಂದು ನಿಮಿಷ ಹೂಟರ್ ಕೂಗುತ್ತಿತ್ತು, ಎಲ್ಲೋ ಒಂದು ಮಗು ಅಳುತ್ತಿತ್ತು, ನಾಯಿ ಬೊಗಳುತ್ತಿತ್ತು. ಆಮೇಲೆ ಸೈಲೆನ್ಸ್, ರೀಸೆಟ್. ರಿಜಿಸ್ಟರಿನಲ್ಲಿ 'ಓಕೆ' ಅಂತ ಬರೆದು ಟೆಕ್ನಿಷಿಯನ್ ಒಂದು ಸಹಿ, ಸಾಕ್ಷಿಗೆ ಸೆಕ್ಯುರಿಟಿಯವರದ್ದೊಂದು ಸಹಿ. ರಾತ್ರಿ ಪಾಳಿಯವರಾದ ನಾವು ಅವತ್ತು ಸಂಜೆ ಬಂದು ಆ ಸಾಲಿಗೆ ಸಹಿ ಹಾಕುತ್ತಿದ್ದೆವು, ಬೆಳಿಗ್ಗೆ ಅಲ್ಲಿ ಇಲ್ಲದಿದ್ದರೂ. ಹಾಜರಿ ಪುಸ್ತಕದ ಹಾಗೇ ಅದೂ ಒಂದು ಪುಸ್ತಕ ಅಂದುಕೊಂಡಿದ್ದೆವು.

ಆ ಬೆಲ್ಲಿಗೆ ಕಟ್ಟಡದಲ್ಲಿ ಒಬ್ಬರೇ ಒಬ್ಬರು ಕೆಳಗೆ ಇಳಿದು ಬರುತ್ತಿದ್ದರು. ಐದನೇ ಮಹಡಿಯ ನಿವೃತ್ತ ಟೀಚರಮ್ಮ. ಅರವತ್ತೈದು ದಾಟಿದ ವಯಸ್ಸು, ಮಂಡಿ ನೋವು ಬೇರೆ. ಆದರೂ ಲಿಫ್ಟ್ ಹತ್ತದೆ, ಕೈಯಲ್ಲಿ ಟಾರ್ಚು, ಹೆಗಲಿಗೊಂದು ಬಟ್ಟೆ ಚೀಲ ಹಾಕಿಕೊಂಡು ಮೆಟ್ಟಿಲಿಳಿದು ಬಂದು ಗೇಟಿನ ಹತ್ತಿರದ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದರಂತೆ. ಹಗಲು ಪಾಳಿಯವರು ಇದನ್ನು ನಮಗೆ ಹೇಳಿ ನಗುತ್ತಿದ್ದರು. ನಾವೂ ನಕ್ಕಿದ್ದೇವೆ. ಒಂದು ಸಂಜೆ ತಡೆಯಲಾರದೆ ಕೇಳಿಯೇಬಿಟ್ಟೆವು.

"ಟೀಚರಮ್ಮ, ಸುಳ್ಳು ಬೆಲ್ ಅಂತ ಗೊತ್ತಿದ್ದೂ ಯಾಕೆ ಇಳಿದು ಬರ್ತೀರಿ?"

"ಬೆಲ್ ಸುಳ್ಳಾಗಲಿ ನಿಜವಾಗಲಿ, ಮೆಟ್ಟಿಲು ನಿಜ ಅಲ್ವೇನಪ್ಪ," ಅಂದರು. "ಕಾಲಿಗೆ ದಾರಿ ಗೊತ್ತಿರಬೇಕು. ಹೋದ ತಿಂಗಳು ನಾಲ್ಕನೇ ಮಹಡಿ ಮೆಟ್ಟಿಲ ಮೇಲೆ ಯಾರೋ ಹಳೇ ಸೋಫಾ ಇಟ್ಟಿದ್ರು. ಇಳಿದಿದ್ದಕ್ಕೆ ಗೊತ್ತಾಯ್ತು, ಹೇಳಿ ತೆಗೆಸ್ದೆ."

ಮೂವತ್ತು ವರ್ಷ ಸರ್ಕಾರಿ ಶಾಲೆಯ ಗಂಟೆಗೆ ಬದುಕಿದವರು, ಅಭ್ಯಾಸ ಬಿಟ್ಟಿಲ್ಲ ಅಂದುಕೊಂಡು ನಾವು ಸುಮ್ಮನಾದೆವು.

ಆ ರಾತ್ರಿ ಲಾಬಿಯಲ್ಲಿದ್ದವನಿಗೆ ಸಣ್ಣ ಜೊಂಪು. 2:40ಕ್ಕೆ ಪ್ಯಾನೆಲ್ ಕೆಂಪಾಗಿ ಹೂಟರ್ ಹೊಡೆದುಕೊಂಡಿತು. ಏಳನೇ ಮಹಡಿ ಅಂತ ತೋರಿಸುತ್ತಿತ್ತು. ಅದೇ ವಾರ ಏಳನೇ ಮಹಡಿಯಿಂದ ಎರಡು ಸಲ ಸುಳ್ಳು ಬೆಲ್ ಬಂದಿತ್ತು. ಎಡಗೈ ತಾನಾಗಿಯೇ ಹೋಗಿ ಬಟನ್ ಒತ್ತಿತು. ಗೇಟಿನಲ್ಲಿದ್ದವನು ಫೋನ್ ಮಾಡಿ "ಏನ್ಲಾ ಅದು?" ಅಂದ. "ಏನಿಲ್ಲ, ಅದೇ ಏಳನೇದು," ಅಂತ ಉತ್ತರ. ಹತ್ತು ಸೆಕೆಂಡೂ ಆಗಿರಲಿಲ್ಲ, ಬೆಲ್ ನಿಂತಿತ್ತು. ಕೆಂಪು ದೀಪ ಮಾತ್ರ ಉರಿಯುತ್ತಲೇ ಇತ್ತು. ಸೈಲೆನ್ಸ್ ಒತ್ತಿದರೆ ಸದ್ದು ನಿಲ್ಲುತ್ತದೆ, ಹೊಗೆ ನಿಲ್ಲುವುದಿಲ್ಲ. ಮೇಲೆ ಹೋಗಿ ನೋಡೋಣ ಅಂತ ನಮ್ಮಿಬ್ಬರಲ್ಲಿ ಒಬ್ಬನಿಗೂ ಅನಿಸಲಿಲ್ಲ. ಈಗ ಇದನ್ನು ಬರೆಯುವಾಗ ಕೈ ಅಳುಕುತ್ತದೆ. ಆದರೆ ಆದದ್ದು ಹಾಗೇ.

2:52ಕ್ಕೆ ಮೆಟ್ಟಿಲ ಬಾಗಿಲು ತೆರೆಯಿತು. ಟಾರ್ಚು ಹಿಡಿದ ಟೀಚರಮ್ಮ. ಏದುಸಿರು ಬಿಡುತ್ತಿದ್ದರು.

"ಮೇಲೆ ವೈರು ಸುಟ್ಟ ವಾಸನೆ. ಬೆಲ್ ಆಯ್ತು, ತಕ್ಷಣ ನಿಂತೂ ಹೋಯ್ತು. ನೀವು ನಿಲ್ಲಿಸಿದ್ರಾ?"

ಹನ್ನೆರಡು ನಿಮಿಷ.

ಓಡಿದೆವು. ಏಳನೇ ಮಹಡಿಯ ಕಾರಿಡಾರಿಗೆ ಕಾಲಿಟ್ಟರೆ ದೀಪದ ಸುತ್ತ ಹೊಗೆ ಮಂಜಿನ ಹಾಗೆ ಕಟ್ಟಿಕೊಂಡಿತ್ತು. ಕರೆಂಟ್ ವೈರುಗಳೆಲ್ಲ ಮೇಲಿಂದ ಕೆಳಗೆ ಹೋಗುವ ಒಂದು ಉದ್ದದ ಗೂಡು ಇರುತ್ತದೆ, ಅದಕ್ಕೆ ಡಕ್ಟ್ ಅನ್ನುತ್ತಾರೆ. ಅದರ ಬಾಗಿಲ ಸಂದಿಯಿಂದ ಹೊಗೆ ಬರುತ್ತಿತ್ತು. ಒಬ್ಬ ಕೆಳಗೆ ಓಡಿ ಎಲೆಕ್ಟ್ರಿಷಿಯನ್‌ನನ್ನು ಎಬ್ಬಿಸಿ ಮೇನ್ ಆಫ್ ಮಾಡಿಸಿದ, 101ಕ್ಕೆ ಫೋನ್ ಮಾಡಿದ. ಇನ್ನೊಬ್ಬ ಬಾಗಿಲು ಬಡಿಯುತ್ತ ಹೊರಟ. ಡಕ್ಟಿನ ಪಕ್ಕದಲ್ಲಿ ಗ್ಯಾಸ್ ತುಂಬಿದ ಸಿಲಿಂಡರ್ ನೇತುಹಾಕಿತ್ತು. ಅದನ್ನು ಬಳಸುವುದು ಹೇಗೆ ಅಂತ ನಮಗೆ ಗೊತ್ತಿರಲಿಲ್ಲ. ಪಿನ್ನು ಎಳೆಯದೆ ಹಿಡಿಯನ್ನು ಅದುಮುತ್ತ ನಿಂತಿದ್ದವನ ಕೈಯಿಂದ ಎಂಟನೇ ಮಹಡಿಯ ಒಬ್ಬ ಹುಡುಗ ಕಸಿದುಕೊಂಡು ಪಿನ್ನು ಕಿತ್ತು ಹೊಡೆದ. ಕಂಪನಿಯಲ್ಲಿ ಕಲಿಸಿದ್ದರಂತೆ. ಬಕೆಟ್ಟಿನಲ್ಲಿ ನೀರು ತಂದ ಇನ್ನೊಬ್ಬರನ್ನು ತಡೆದವನೂ ಅವನೇ. ಕರೆಂಟಿನ ಬೆಂಕಿಗೆ ನೀರು ಎರಚಿದರೆ ಎರಚಿದವರಿಗೇ ಶಾಕ್ ಹೊಡೆಯುತ್ತದೆ. ಊರಿನಲ್ಲಿ ಬೆಂಕಿ ಅಂದರೆ ನೀರು ಅಂತಷ್ಟೇ ಕಲಿತಿದ್ದ ನಮಗೆ ಅದೂ ಹೊಸದು.

ಜನ ಎದ್ದರು, ಇಳಿದರು. ಕೆಲವರು ಲಿಫ್ಟಿಗೆ ಹೋಗಿ ನಿಂತಿದ್ದರು, ಟೀಚರಮ್ಮ ಗದರಿಸಿ ಮೆಟ್ಟಿಲಿಗೆ ಕಳಿಸಿದರು. ಮೇಲಿನ ಮೂರು ಮಹಡಿಯವರು ಟೆರೇಸಿಗೆ ಹೋಗಲು ನೋಡಿದರೆ ಟೆರೇಸ್ ಬಾಗಿಲಿಗೆ ಬೀಗ. ಬೀಗದ ಕೈ ಸೂಪರ್‌ವೈಸರ್ ಮನೆಯಲ್ಲಿ, ಅವರ ಮನೆ ಕೆಂಗೇರಿಯಲ್ಲಿ. ಹೊಗೆ ಅಷ್ಟೊಂದು ದಟ್ಟ ಇರಲಿಲ್ಲ, ಇಳಿದು ಬರಲು ಆಯಿತು.

ಏಳನೇ ಮಹಡಿಯ ಒಂದು ಬಾಗಿಲು ಮಾತ್ರ ಎಷ್ಟು ಬಡಿದರೂ ತೆರೆಯಲಿಲ್ಲ. ಒಳಗೆ ಎಂಬತ್ತು ದಾಟಿದ ಒಬ್ಬ ಅಜ್ಜ. ಮಗ ಸೊಸೆ ಮದುವೆಗೆಂದು ಊರಿಗೆ ಹೋಗಿದ್ದರು. ಅಜ್ಜ ರಾತ್ರಿ ಕಿವಿಯ ಯಂತ್ರ ತೆಗೆದಿಟ್ಟು ಮಲಗುತ್ತಿದ್ದರು. ಡಕ್ಟಿಗೆ ಅಂಟಿಕೊಂಡ ಮನೆ ಅದೇ. ಬಾಗಿಲು ಒಡೆಯಲು ಹತ್ತು ನಿಮಿಷ ಹಿಡಿಯಿತು. ಒಳಗೆ ಹೋದಾಗ ಅವರು ಹಾಸಿಗೆಯಲ್ಲಿ ಎದ್ದು ಕೂತು ಕೆಮ್ಮುತ್ತಿದ್ದರು, ಯಾವ ಕಡೆ ಹೋಗಬೇಕು ಅಂತ ತೋಚದೆ. ನಾವಿಬ್ಬರೂ ಹೆಗಲು ಕೊಟ್ಟು ಏಳು ಮಹಡಿ ಇಳಿಸಿದೆವು. ದಾರಿಯುದ್ದಕ್ಕೂ ಅವರು ಒಂದೇ ಮಾತು ಕೇಳುತ್ತಿದ್ದರು: "ಬೆಲ್ ಹೊಡೀಲಿಲ್ವೇನಪ್ಪ?"

ಏನು ಹೇಳುವುದು?

ಎರಡು ದಿನ ಆಸ್ಪತ್ರೆಯಲ್ಲಿದ್ದು ಅಜ್ಜ ಮನೆಗೆ ಬಂದರು. ಯಾರ ಪ್ರಾಣಕ್ಕೂ ಏನೂ ಆಗಲಿಲ್ಲ. ಪೇಪರಿನಲ್ಲಿ ಒಂದು ಸಾಲಿನ ಸುದ್ದಿಯೂ ಬರಲಿಲ್ಲ. ನಾವೇ ಪತ್ರಿಕೆಯವರಾಗಿ ಅದನ್ನು ಬರೆಯಲಿಲ್ಲ, ಬರೆಯುವ ಮುಖ ಇರಲಿಲ್ಲ.

ಭಾನುವಾರ ಮೀಟಿಂಗ್ ಕರೆದರು. ರಿಜಿಸ್ಟರ್ ಮೇಜಿನ ಮೇಲಿತ್ತು. ತಿಂಗಳು ತಿಂಗಳೂ 'ಓಕೆ', ಪಕ್ಕದಲ್ಲಿ ನಮ್ಮ ಸಹಿ. "ಎಲ್ಲ ಟೆಸ್ಟ್ ಆಗಿದೆ, ಸಿಸ್ಟಂ ಸರಿಯಾಗೇ ಇದೆ, ತಪ್ಪು ಬಟನ್ ಒತ್ತಿದವರದ್ದು," ಅಂದರು ಒಬ್ಬರು. ನಮ್ಮ ತಪ್ಪು ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಆ ಪುಸ್ತಕವನ್ನು ನೋಡುತ್ತ ನಿಂತಾಗ ನಮಗೆ ಹೊಳೆದದ್ದು ಬೇರೆ. ಅಲ್ಲಿ ಪರೀಕ್ಷೆಯಾಗಿದ್ದು ಲಾಬಿಯ ಆ ಒಂದು ಕೆಂಪು ಡಬ್ಬ ಮಾತ್ರ. ಏಳನೇ ಮಹಡಿಯ ಅಜ್ಜನ ಕಿವಿಗೆ ಸದ್ದು ಮುಟ್ಟುತ್ತದೆಯೇ, ಟೆರೇಸಿನ ಬೀಗದ ಕೈ ಎಲ್ಲಿದೆ, ರಾತ್ರಿ ಪಾಳಿಯವನಿಗೆ ಪಿನ್ನು ಕೀಳಲು ಬರುತ್ತದೆಯೇ, ಬಟನ್ ಒತ್ತಿದ ಮೇಲೆ ಯಾರು ಮೇಲೆ ಹೋಗಬೇಕು, ಇದ್ಯಾವುದಕ್ಕೂ ಆ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಇನ್ನೂ ಒಂದಿದೆ. ತಿಂಗಳಿಗೊಮ್ಮೆ ಬೆಲ್ ಹೊಡೆಸಿ "ಯಾರೂ ಏಳಬೇಡಿ" ಅಂತ ಹೇಳಿ ಹೇಳಿ, ಬೆಲ್ ಆದರೆ ಏಳಬಾರದು ಅನ್ನುವುದನ್ನೇ ಇಡೀ ಕಟ್ಟಡಕ್ಕೆ ಅಭ್ಯಾಸ ಮಾಡಿಸಿದ್ದೆವು. ತಮಾಷೆಗೆ ಕೂಗಿ ನಾವು ತಿಂದ ಏಟು ಇಲ್ಲಿ ಯಾರೂ ಯಾರಿಗೂ ಕೊಟ್ಟಿರಲಿಲ್ಲ.

ಆ ಡಕ್ಟಿನ ಹೊಗೆ ನೋಡಿದ ಮೇಲೆ ನಾವು ಹಳೆಯ ಪೇಪರುಗಳನ್ನು ಹುಡುಕಿ ಓದಲು ಶುರು ಮಾಡಿದೆವು. 2010ರ ಫೆಬ್ರವರಿ 23, ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್. ಏಳು ಮಹಡಿಯ ಆಫೀಸು ಕಟ್ಟಡ, ಹಗಲು ಹೊತ್ತು, ಕೆಲಸದ ದಿನ. ಅಲ್ಲೂ ಬೆಂಕಿ ಶುರುವಾಗಿದ್ದು ಕರೆಂಟಿನ ಡಕ್ಟಿನಲ್ಲೇ. ಹೊಗೆ ಆ ಗೂಡಿನ ಮೂಲಕ ಮೇಲಿನ ಮಹಡಿಗಳಿಗೆ ನುಗ್ಗಿತು. ತುರ್ತು ಬಾಗಿಲುಗಳಿಗೆ ಬೀಗ ಬಿದ್ದಿತ್ತು. ಉಸಿರು ಕಟ್ಟಿದವರು ಕಿಟಕಿಯ ಗಾಜು ಒಡೆದು ಕೆಳಗೆ ಹಾರಿದರು. ಒಂಬತ್ತು ಜನ ಸತ್ತರು. ಅಲ್ಲಿ ಜನರನ್ನು ತೆಗೆದದ್ದು ಬೆಂಕಿಗಿಂತ ಹೆಚ್ಚಾಗಿ ಹೊಗೆ ಮತ್ತು ಬೀಗ. ಮಕ್ಕಳನ್ನು, ಹತ್ತಿರದವರನ್ನು ಕಳೆದುಕೊಂಡವರು ಸೇರಿ 'ಬಿಯಾಂಡ್ ಕಾರ್ಲ್‌ಟನ್' ಅಂತ ಸಂಘಟನೆ ಕಟ್ಟಿ, ಕಟ್ಟಡಗಳ ಬೆಂಕಿ ಸುರಕ್ಷತೆಗಾಗಿ ಓಡಾಡುತ್ತಿದ್ದಾರೆ.

ಅದರ ಮುಂದಿನ ವರ್ಷ, 2011ರ ಡಿಸೆಂಬರ್ 9ರ ನಸುಕಿನಲ್ಲಿ, ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಂಕಿ ಹತ್ತಿ ಹೊಗೆ ವಾರ್ಡುಗಳಿಗೆ ಏರಿತು. ತೊಂಬತ್ತರ ಆಸುಪಾಸು ಜನ ಸತ್ತರು, ಹೆಚ್ಚಿನವರು ಹಾಸಿಗೆಯಿಂದ ಏಳಲಾರದ ರೋಗಿಗಳು. ರೋಗಿಗಳನ್ನು ಹೊರಗೆ ಸಾಗಿಸುತ್ತಲೇ ಕೇರಳದ ಇಬ್ಬರು ನರ್ಸ್ ಹೆಣ್ಣುಮಕ್ಕಳು ಜೀವ ಬಿಟ್ಟರು. ಆ ಸುದ್ದಿಯಲ್ಲಿ ನಮ್ಮ ಎದೆಗೆ ನಾಟಿದ್ದು ಇನ್ನೊಂದು ವಿವರ. ಪಕ್ಕದ ಬಸ್ತಿಯ ಜನ ಹೊಗೆ ನೋಡಿ ಸಹಾಯಕ್ಕೆ ಓಡಿ ಬಂದಿದ್ದರು, ಗೇಟಿನಲ್ಲಿದ್ದ ಸೆಕ್ಯುರಿಟಿಯವರು ಅವರನ್ನು ಮೊದಲು ಒಳಗೆ ಬಿಡಲಿಲ್ಲ ಅಂತ ಆಗ ಪತ್ರಿಕೆಗಳೆಲ್ಲ ಬರೆದವು. ಓದಿದವರು ಆ ಸೆಕ್ಯುರಿಟಿಯವರನ್ನು ಬೈದಿರುತ್ತಾರೆ. ನಾವು ಬೈಯಲಿಲ್ಲ. ಅವರೂ ಯಾವುದೋ ಹಳ್ಳಿಯಿಂದ ಬಂದವರೇ ಇರಬೇಕು, ಅವರಿಗೂ ಯಾರೋ ಎರಡು ನಿಮಿಷದ ತರಬೇತಿ ಕೊಟ್ಟಿರಬೇಕು ಅನಿಸಿತು.

2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನ ವಿಡಿಯೊ ನಿಮ್ಮಲ್ಲಿ ಹಲವರ ಫೋನಿಗೂ ಬಂದಿರುತ್ತದೆ. ಬಾಲ್ಕನಿಯ ಕಬ್ಬಿಣದ ಗ್ರಿಲ್ ಹಿಂದೆ ಸಿಕ್ಕಿಕೊಂಡು ತಾಯಿ ಮಗಳು ಸತ್ತರು. ಕಳ್ಳರು ಬರಬಾರದು ಅಂತ ಹಾಕಿಸಿದ ಗ್ರಿಲ್ ಅದು. ದಯವಿಟ್ಟು ಆ ವಿಡಿಯೊ ಮತ್ತೆ ಹುಡುಕಿ ನೋಡಬೇಡಿ. ನಿಮ್ಮ ಮನೆಯ ಗ್ರಿಲ್‌ನಲ್ಲಿ ಒಂದು ಬಾಗಿಲು ಇದೆಯಾ, ಅದರ ಬೀಗದ ಕೈ ಎಲ್ಲಿ ನೇತಾಡುತ್ತಿದೆ, ಅದನ್ನು ನೋಡಿ.

ನಿಯಮ ಇಲ್ಲ ಅಂತಲ್ಲ, ಇದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಪೂರ್ತಿ ಬೆಂಕಿ ಸುರಕ್ಷತೆಯದ್ದೇ. 15 ಮೀಟರ್ ಅಥವಾ ಅದಕ್ಕಿಂತ ಎತ್ತರದ ಕಟ್ಟಡವನ್ನು ಅದು ಬಹುಮಹಡಿ ಅನ್ನುತ್ತದೆ. ಅಂಥ ಕಡೆ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆಯಾದರೂ ಜನರನ್ನು ಹೊರಗೆ ಇಳಿಸುವ ಅಣಕು ಕಾರ್ಯಾಚರಣೆ ಮಾಡಬೇಕು ಅನ್ನುತ್ತದೆ. ಅಲಾರಂ ಹೇಗೆ ಹಾಕಬೇಕು, ಹೇಗೆ ನೋಡಿಕೊಳ್ಳಬೇಕು ಅನ್ನುವುದಕ್ಕೆ ಐಎಸ್ 2189 ಅಂತ ಪ್ರತ್ಯೇಕ ಮಾನದಂಡವೇ ಇದೆ. ಇಂಗ್ಲೆಂಡಿನಲ್ಲಿ ವಾರಕ್ಕೊಮ್ಮೆ ಬೆಲ್ ಹೊಡೆಸುವ ರೂಢಿ, ಅದೂ ಪ್ರತಿ ವಾರ ಬೇರೆ ಬೇರೆ ಡಬ್ಬದಿಂದ. ಹಾಗೆ ಸರದಿಯಲ್ಲಿ ಮಾಡಿದರೆ ಕಟ್ಟಡದ ಎಲ್ಲ ಡಬ್ಬಗಳೂ ಒಂದಲ್ಲ ಒಂದು ದಿನ ಪರೀಕ್ಷೆಗೆ ಬರುತ್ತವೆ. ನಮ್ಮ ಟೆಕ್ನಿಷಿಯನ್ ಲಾಬಿಯ ಡಬ್ಬವನ್ನೇ ತಿರುವುತ್ತಿದ್ದದ್ದು ನೆನಪಿದೆಯಲ್ಲ?

ಓದುತ್ತ ಹೋದ ಹಾಗೆ ಇನ್ನೂ ಎರಡು ವಿಷಯ ತಿಳಿದವು. ಒಂದು, ನಿದ್ದೆಯಲ್ಲಿರುವವರನ್ನು ವಾಸನೆ ಎಬ್ಬಿಸುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. "ಹೊಗೆ ಬಂದ್ರೆ ಗೊತ್ತಾಗಲ್ವಾ?" ಅನ್ನುತ್ತೇವಲ್ಲ, ಗೊತ್ತಾಗದೇ ಇರಬಹುದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ಅದು ನಿದ್ದೆಯನ್ನು ಇನ್ನೂ ಗಾಢ ಮಾಡುತ್ತದೆ. ಟೀಚರಮ್ಮನನ್ನು ಎಬ್ಬಿಸಿದ್ದೂ ವಾಸನೆಯಲ್ಲ, ನಾವು ನಿಲ್ಲಿಸುವ ಮೊದಲು ಹೊಡೆದ ಆ ಹತ್ತು ಸೆಕೆಂಡಿನ ಬೆಲ್. ಎದ್ದ ಮೇಲೆ ವಾಸನೆ ಗೊತ್ತಾಯಿತು ಅಂತ ಆಮೇಲೆ ಹೇಳಿದರು. ಇನ್ನೊಂದು, ವಯಸ್ಸಾದ ಕಿವಿಗೆ ಮೊದಲು ಕೇಳಿಸದೆ ಹೋಗುವುದು ಕೀರಲು ಸದ್ದು. ಮಾಮೂಲಿ ಅಲಾರಂ ಕೂಗುವುದು ಅದೇ ಕೀರಲು ದನಿಯಲ್ಲಿ. ಸುಮಾರು 520 ಹರ್ಟ್ಸ್‌ನ ದಪ್ಪ ದನಿ ಇಂಥವರನ್ನು ಎಬ್ಬಿಸುವುದರಲ್ಲಿ ಮೇಲು ಅಂತ ಪರೀಕ್ಷೆ ಮಾಡಿ ನೋಡಿದವರು ಹೇಳುತ್ತಾರೆ. ಆ ಅಜ್ಜನ ಮನೆಯಲ್ಲಿ ಈಗ ಹಾಸಿಗೆ ಅಲುಗಾಡಿಸುವ ಒಂದು ಯಂತ್ರ ಇಟ್ಟಿದ್ದಾರಂತೆ. ನಮಗಂತೂ ಅದಕ್ಕಿಂತ ಪಕ್ಕದ ಮನೆಯವರ ಹತ್ತಿರ ಒಂದು ಬೀಗದ ಕೈ ಇರುವುದೇ ದೊಡ್ಡದು ಅನಿಸುತ್ತದೆ.

ಇದೆಲ್ಲ ಬೆಂಗಳೂರಿನ ಕತೆ, ಹರದನಹಳ್ಳಿಗೂ ಇದಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ನಾವೂ ಹಾಗೇ ಅಂದುಕೊಂಡು ಊರಿಗೆ ಬಂದೆವು. ಈ ಸಲ ಬಂದಾಗ ಹತ್ತಿರದ ಒಂದು ಊರಿನ ಕಲ್ಯಾಣ ಮಂಟಪದಲ್ಲಿ ನೆಂಟರ ಮದುವೆ. ಅಭ್ಯಾಸಬಲ, ಒಳಗೆ ಹೋದ ಕೂಡಲೇ ಕಣ್ಣು ಗೋಡೆ ಮೇಲೆ ಓಡಿತು. ಕೆಂಪು ಸಿಲಿಂಡರ್ ಇತ್ತು, ಡಿಜೆ ಬಾಕ್ಸಿನ ಹಿಂದೆ. ಬಗ್ಗಿ ನೋಡಿದರೆ ಮುಳ್ಳು ಹಸಿರು ಬಿಟ್ಟು ಕೆಂಪಿನಲ್ಲಿ ನಿಂತಿತ್ತು, ಅಂದರೆ ಒಳಗಿನ ಒತ್ತಡ ಇಳಿದುಹೋಗಿದೆ, ಪುಡಿ ಹೊರಗೆ ಬರುವುದಿಲ್ಲ. ಹಿಂದಿನ ಬಾಗಿಲಿಗೆ ಅಡ್ಡಲಾಗಿ ಅಕ್ಕಿ ಮೂಟೆ, ಅದರ ಪಕ್ಕ ನಾಲ್ಕು ಗ್ಯಾಸ್ ಸಿಲಿಂಡರ್. ಊಟದ ಹಾಲಿನಲ್ಲಿ ಐನೂರು ಜನ ಇದ್ದರೇನೋ. ಮಂಟಪ ನೋಡಿಕೊಳ್ಳುವವರ ಹತ್ತಿರ ಹೋಗಿ ಹೇಳಿದೆವು. "ಯಾವ ಪೇಪರ್‌ನವ್ರು?" ಅಂತ ಕೇಳಿದರು ಮೊದಲು. ಹೆಣ್ಣಿನ ಕಡೆಯವರು ಅಂದ ಮೇಲೆ ಸಮಾಧಾನವಾಗಿ ಮೂಟೆ ಸರಿಸಿದರು. ಸಿಲಿಂಡರ್ ವಿಷಯಕ್ಕೆ "ಮಾಡ್ಸವ ಬುಡಿ" ಅಂದರು.

ಅರಕಲಗೂಡು ಕಡೆಯ ಓದುಗರಿಗೆ ಇನ್ನೊಂದು ನೆನಪು ಮಾಡುತ್ತೇವೆ. ರಾಮನಾಥಪುರದ ಸುತ್ತಮುತ್ತ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇದ್ದವರಿಗೆ ಗೊತ್ತು, ಕಡ್ಡಿಯಿಂದ ಒಂದು ಒಣಗಿದ ಎಲೆ ಜಾರಿ ಕಾದ ಪೈಪಿನ ಮೇಲೆ ಬಿದ್ದರೆ ಇಡೀ ಬ್ಯಾರನ್ ಹೋಗುತ್ತದೆ. ಅದಕ್ಕೇ ಬೇಯಿಸುವ ದಿನಗಳಲ್ಲಿ ಯಾರಾದರೊಬ್ಬರು ಅಲ್ಲೇ ಮಲಗುತ್ತಾರೆ, ಗಳಿಗೆಗೊಮ್ಮೆ ಎದ್ದು ಥರ್ಮಾಮೀಟರ್ ನೋಡುತ್ತಾರೆ, ಕಿಂಡಿಯಲ್ಲಿ ಟಾರ್ಚು ಬಿಟ್ಟು ನೋಡುತ್ತಾರೆ. ನಮ್ಮಲ್ಲೊಬ್ಬನ ಸೋದರಮಾವ ಹಾಗೆ ರಾತ್ರಿ ಎದ್ದು ಎದ್ದು ನೋಡುವವರು. ಬೆಂಗಳೂರಿನ ಕತೆ ಕೇಳಿ ಅವರು ಹುಬ್ಬು ಗಂಟಿಕ್ಕಿದರು. "ಅಲ್ಲ ಕಣೋ, ಕೆಂಪು ದೀಪ ಹತ್ತಿ ಹನ್ನೆರಡು ನಿಮಿಷ ಎದ್ದೋಗಿ ನೋಡ್ನಿಲ್ವಾ? ಸೊಪ್ಪುಗೆ ನಾವ್ ನೋಡ್ತೀವಿ, ಜನ್ಗೆ ನೀವ್ ನೋಡ್ನಿಲ್ವಾ?"

ಊರೇನೂ ಮೊದಲಿನ ಹಾಗಿಲ್ಲ, ಅದನ್ನೂ ಹೇಳಬೇಕು. ಬಾವಿಯಲ್ಲಿ ನೀರಿಲ್ಲ, ಮನೆಗೆ ನಲ್ಲಿ ಬಂದಿದೆ. ಗಟ್ಟಿಮುಟ್ಟಾದವರೆಲ್ಲ ಬೆಂಗಳೂರಿನಲ್ಲಿ ಬೇರೆಯವರ ಪ್ಯಾನೆಲ್ ಕಾಯುತ್ತಿದ್ದಾರೆ. ಇವತ್ತು ಮೆದೆಗೆ ಬೆಂಕಿ ಬಿದ್ದರೆ ಕೂಗು ಏಳುತ್ತದೆ, ಬಿಂದಿಗೆ ಹಿಡಿದು ಸಾಲು ನಿಲ್ಲಲು ಎಷ್ಟು ಜನ ಇದ್ದಾರೆ ಅನ್ನುವುದು ಬೇರೆ ಲೆಕ್ಕ. ಪ್ರತಿ ವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರಲ್ಲಿ ಅದೇ ದಿನ ಮುಂಬೈ ಬಂದರಿನಲ್ಲಿ ಹಡಗು ಸಿಡಿದು ಬೆಂಕಿ ಆರಿಸುತ್ತ ಸತ್ತ ಸಿಬ್ಬಂದಿಯ ನೆನಪಿಗೆ ಅದು. ಆ ವಾರ ಅಗ್ನಿಶಾಮಕದವರು ಅಲ್ಲಲ್ಲಿ ಪ್ರಾತ್ಯಕ್ಷಿಕೆ ಮಾಡಿ ತೋರಿಸುತ್ತಾರೆ. ನಿಮ್ಮೂರಿನ ಶಾಲೆಗೆ, ಹಾಸ್ಟೆಲಿಗೆ, ಕಲ್ಯಾಣ ಮಂಟಪಕ್ಕೆ ಕರೆಯಿರಿ. ಪಿನ್ನು ಕೀಳುವುದನ್ನು ನೋಡುವುದು ಬೇರೆ, ನೀವೇ ಒಂದು ಸಲ ಕಿತ್ತು ನೋಡುವುದು ಬೇರೆ.

ಆ ಅಪಾರ್ಟ್‌ಮೆಂಟಿನಲ್ಲಿ ನಮ್ಮನ್ನು ತಕ್ಷಣ ತೆಗೆಯಲಿಲ್ಲ. ಟೀಚರಮ್ಮ ಮೀಟಿಂಗಿನಲ್ಲಿ ಎದ್ದು ನಿಂತು "ಈ ಹುಡುಗರನ್ನ ಕಳಿಸಿದ್ರೆ ನಾಳೆ ಬರೋ ಹುಡುಗರೂ ಅದೇ ಬಟನ್ ಒತ್ತುತಾರೆ" ಅಂದಿದ್ದಕ್ಕೆ ಮೂರು ತಿಂಗಳು ಇದ್ದೆವು. ಆ ಮೂರು ತಿಂಗಳಲ್ಲಿ ಕೆಲವು ಬದಲಾವಣೆ ಆದವು, ಕೆಲವು ಆಗಲಿಲ್ಲ. ಟೆರೇಸಿನ ಬೀಗದ ಕೈ ಲಾಬಿಗೆ ಬಂತು. ಸೈಲೆನ್ಸ್ ಬಟನ್ ಪಕ್ಕ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿದೆವು: 'ಮೊದಲು ಹೋಗಿ ನೋಡು, ಆಮೇಲೆ ಒತ್ತು'. ಪ್ರತಿ ತಿಂಗಳು ಬೇರೆ ಮಹಡಿಯ ಡಬ್ಬದಿಂದ ಬೆಲ್ ಹೊಡೆಸಬೇಕು ಅಂತ ತೀರ್ಮಾನವಾಯಿತು. ಮೊದಲ ತಿಂಗಳೇ ಒಂಬತ್ತನೇ ಮಹಡಿಯ ಹೂಟರ್ ಸತ್ತು ಎಷ್ಟೋ ಕಾಲವಾಗಿದೆ ಅನ್ನುವುದು ಗೊತ್ತಾಯಿತು. ಬೆಲ್ಲಿಗೆ ಇಳಿದು ಬರುವವರ ಸಂಖ್ಯೆ ಒಂದರಿಂದ ಹನ್ನೊಂದಕ್ಕೆ ಏರಿತ್ತು, ಅದರಲ್ಲಿ ಆರು ಮಕ್ಕಳು. ಸುಳ್ಳು ಬೆಲ್ ಮಾತ್ರ ಪೂರ್ತಿ ನಿಲ್ಲಲಿಲ್ಲ. ಧೂಳು ಕೂತ ಯಂತ್ರಗಳನ್ನು ಬಿಚ್ಚಿ ತೊಳೆಸಲು ಖರ್ಚಾಗುತ್ತದೆ ಅಂತ ಮುಂದಕ್ಕೆ ಹಾಕಿದ್ದರು.

ಈಗ ಅಲ್ಲಿ ರಾತ್ರಿ ಪಾಳಿಯಲ್ಲಿರುವವನು ಚನ್ನರಾಯಪಟ್ಟಣದ ಕಡೆಯ ಹುಡುಗ, ನಾವೇ ಸೇರಿಸಿದ್ದು. ಈ ಬರಹ ಕಳಿಸುವ ಮುಂಚೆ ಒಂದು ಸಲ ಅವನಿಗೆ ಫೋನ್ ಮಾಡಿದೆವು. ಪಾಳಿ ಮುಗಿದಿದ್ದರೂ ಕಟ್ಟಡದಲ್ಲೇ ಇದ್ದ.

"ಟೆರೇಸ್ ಬೀಗದ ಕೈ ಎಲ್ಲೈತೆ?"

"ಇಲ್ಲೇ ಮೊಳೆಗೆ ನೇತಾಕಿವ್ನಿ ಅಣ್ಣ."

"ಅಜ್ಜ ಹೆಂಗವ್ರೆ?"

"ಚೆನ್ನಾಗವ್ರೆ. ಅಣ್ಣ, ಇವತ್ತು ಎರಡನೇ ಶನಿವಾರ, ಇನ್ನೈದು ನಿಮಿಷಕ್ಕೆ ಬೆಲ್ ಹೊಡೀತಾರೆ. ಅಜ್ಜನ ಮನೆ ಬಾಗ್ಲು ತಟ್ಟಾಕೆ ಹೋಗ್ಬೇಕು, ಫೋನ್ ಇಡ್ತೀನಿ."